ಬಾಗಿಲ ಕಡೆಯ ಹ್ಯಾಂಡ್‌ಬ್ರೇಕ್

ಐವತ್ತು ವರ್ಷ ತುಂಬಿದರೂ ಒಂದು ದಿನವೂ ಸ್ಟೀರಿಂಗ್ ಮುಟ್ಟಿದವನಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿದವನಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕಂಬ ಹಿಡಿದು ನಿಲ್ಲುವ ಗಿರಾಕಿ. ಅಂಥವನನ್ನು ನೆಂಟರಿಷ್ಟರೆಲ್ಲ ಕರೆಯುತ್ತಿದ್ದದ್ದು ಡ್ರೈವರ್ ಎಂದು. ತಮಾಷೆಯಂತೆ! ಅದು ಎಂಥ ತಮಾಷೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಮೊದಲು ಅವನ ಕೆಲಸ ನೋಡಿ.

ಡ್ರೈವರ್ ಹಲ್ಲು ಕಟ್ಟುವವನು. ಬಾಯಿಗೆ ಕೈ ಹಾಕುವ ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವವನು. ಕ್ಲಿನಿಕ್ಕಿನ ಮೆಟ್ಟಿಲ ಕೆಳಗೆ ಅವನ ಕೋಣೆ. ಒಂದು ಮೂಲೆಯಲ್ಲಿ ಪ್ಲಾಸ್ಟರ್ ಚೀಲ, ಇನ್ನೊಂದು ಮೂಲೆಯಲ್ಲಿ ಪಾಲಿಶ್ ಮೋಟಾರು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನ ಅರ್ಧ ಜನರ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಬರೆದ ನಂಬರು. ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಅವನು ಮುಖ ನೋಡುವುದಿಲ್ಲ, ಹಲ್ಲು ನೋಡುತ್ತಾನೆ. 'ಮೇಲಿನ ಸೆಟ್ಟು ನಂದೇ' ಎಂದು ಒಳಗೊಳಗೇ ಹಿಗ್ಗಿ ಮುಂದೆ ಹೋಗುತ್ತಾನೆ.

ಆ ಕೋಣೆಯಲ್ಲಿ ಕಲಿತ ಕೈಚಳಕವನ್ನೆಲ್ಲ ಅವನು ಮನೆಗೆ ತಂದು ಕಾರುಗಳಿಗೆ ಸುರಿಯುತ್ತಿದ್ದ. ಅಂಗೈಯಲ್ಲಿ ಹಿಡಿಯುವ ಕಾರುಗಳು, ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಅಂಗಡಿಯಿಂದ ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ಟು ತಂದು, ಪೆಟ್ಟಿಗೆಯಲ್ಲಿ ಬರೆದ ಹಾಗೆ ಅಂಟಿಸಿ ಕೈ ತೊಳೆದುಕೊಳ್ಳುವ ಪೈಕಿಯಲ್ಲ ಇವನು. ಛಾವಣಿ ಕೊಯ್ದು ತಗ್ಗಿಸುತ್ತಿದ್ದ. ಬಾಗಿಲು ಬಿಡಿಸಿ, ಕೂದಲೆಳೆಯಂಥ ತಂತಿಯಿಂದ ಕೀಲು ಮಾಡಿ ಮತ್ತೆ ಕೂರಿಸುತ್ತಿದ್ದ. ಕಿಟ್ಟಿನಲ್ಲಿ ಇಲ್ಲದ ಬಂಪರನ್ನು ಹಲ್ಲಿನ ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಹಲ್ಲಿನ ಅಕ್ರಿಲಿಕ್ಕಿನಲ್ಲೇ ಎರಕ ಹೊಯ್ಯುತ್ತಿದ್ದ. ಬಣ್ಣ ಬಳಿಯುವ ತನಕ ಆ ಭಾಗಗಳೆಲ್ಲ ಗುಲಾಬಿ.

"ನಿನ್ ಕಾರಿಗೆಲ್ಲ ಒಸಡಿನ ಬಣ್ಣ ಕಣೋ," ಎಂದು ಅವನ ಅಕ್ಕ ನಗುತ್ತಿದ್ದಳು. "ಎಲ್ಲಾದ್ರೂ ಕಚ್ಚಿಗಿಚ್ಚಿ ಬಿಟ್ಟಾವು!"

ಗಾಜಿನ ಬೀರುವಿನಲ್ಲಿ ಹಾಗೆ ಮಾಡಿದ ಅರವತ್ತೊಂದು ಕಾರು ನಿಂತಿದ್ದವು. ಒಂದರಲ್ಲೂ ಊಹೆಯ ಕೆಲಸವಿಲ್ಲ. ಕಣ್ಣಾರೆ ನೋಡದ್ದನ್ನು, ಟೇಪು ಹಿಡಿದು ಅಳೆಯದ್ದನ್ನು ಅವನು ಕಾರಿಗೆ ಅಂಟಿಸುತ್ತಿರಲಿಲ್ಲ. ಒಂದು ಸಲ ಯಾವುದೋ ಹಳೇ ಕಾರಿನ ವೈಪರು ಎಡಕ್ಕೆ ಮಲಗುತ್ತದೋ ಬಲಕ್ಕೋ ಗೊತ್ತಾಗದೆ ಮೂರು ತಿಂಗಳು ಆ ಕಾರನ್ನು ವೈಪರಿಲ್ಲದೆ ಕೂರಿಸಿದ್ದ.

"ಯಾರು ನೋಡ್ತಾರೋ ಅದನ್ನ?" ಎಂದು ಅಕ್ಕ.

"ನಾನು ನೋಡ್ತೀನಲ್ಲ ಅಕ್ಕ."

ಇಷ್ಟೆಲ್ಲ ಕಾರು ಮಾಡಿದವನು ಒಂದು ಕಾರಿನ ತಂಟೆಗೆ ಮಾತ್ರ ಹೋಗಿರಲಿಲ್ಲ. ಅದು ಅಪ್ಪನ ಕಾರು. ಅವರಪ್ಪ ಬಾಡಿಗೆ ಕಾರು ಓಡಿಸುತ್ತಿದ್ದವರು. ಡುಬ್ಬು ಬೆನ್ನಿನ, ಅಗಲ ಮೂತಿಯ ಹಳೇ ಕಾರು.

ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆಗ ಇವನಿಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು, ಅಣ್ಣನಿಗೆ ಹದಿನಾರು. ಮನೆ ಇದ್ದದ್ದು ಇಳಿಜಾರು ಬೀದಿಯ ಮೇಲ್ತುದಿಯಲ್ಲಿ. ಒಂದು ಮಧ್ಯಾಹ್ನ ಅಪ್ಪ ಕಾರನ್ನು ಮನೆ ಮುಂದೆ ನಿಲ್ಲಿಸಿ ಊಟಕ್ಕೆ ಒಳಗೆ ಬಂದರು. ಅವರ ಜೊತೆ ಸುತ್ತಾಡಿ ಬಂದಿದ್ದ ಸಣ್ಣವನು ಮುಂದಿನ ಸೀಟಿನಲ್ಲೇ ನಿದ್ದೆ ಹೋಗಿದ್ದ. ಎಬ್ಬಿಸುವುದೇಕೆ ಎಂದು ಹಾಗೇ ಬಿಟ್ಟರು. ಮಗು ಎದ್ದಿತು, ಆಟವಾಡುತ್ತ ಹ್ಯಾಂಡ್‌ಬ್ರೇಕ್ ಬಿಡಿಸಿತು. ಕಾರು ಉರುಳಿಕೊಂಡು ಹೋಯಿತು. ಕೆಳಗಿನ ಅಂಗಡಿಯಿಂದ ಚೀಲ ಹಿಡಿದು ಹತ್ತಿ ಬರುತ್ತಿದ್ದ ಅಕ್ಕನನ್ನು ತಿರುವಿನ ಗೋಡೆಗೆ ಒತ್ತಿ ನಿಂತಿತು.

ಅಕ್ಕ ಬದುಕಿದಳು. ಎಡಗಾಲು ಮಾತ್ರ ಒಂದೂವರೆ ಇಂಚು ಗಿಡ್ಡವಾಯಿತು.

ಆ ಒಂದೂವರೆ ಇಂಚನ್ನು ಡ್ರೈವರ್ ಇಡೀ ಆಯುಸ್ಸು ತುಂಬಿಕೊಡುತ್ತ ಬಂದ. ಮಾತಿಗೆ ಹೇಳುತ್ತಿಲ್ಲ. ಅಕ್ಕನ ಎಡಗಾಲ ಚಪ್ಪಲಿಗೆ ಎತ್ತರದ ಅಟ್ಟೆಯನ್ನು ಪ್ರತಿ ವರ್ಷ ಅವನೇ ಎರಕ ಹೊಯ್ದು, ಉಜ್ಜಿ, ನಯ ಮಾಡಿ ಕೂರಿಸುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಒಂದು ಮನೆಯಲ್ಲಿ ಉಳಿದರು. ಅವಳು ಹೊಲಿಗೆ ಮೆಷಿನ್ನಿನ ಮುಂದೆ, ಇವನು ಕಿಟಕಿಯ ಪಕ್ಕದ ಮೇಜಿನಲ್ಲಿ. ಎಲ್ಲಿ ಮೆಟ್ಟಿಲು ಬಂದರೂ ಇವನು ಅಕ್ಕನ ಎಡಕ್ಕೆ ಹೋಗಿ ಬಲಗೈ ಚಾಚಿ ನಿಲ್ಲುತ್ತಿದ್ದ. ಅವಳು ನೋಡದೆಯೇ ಹಿಡಿದುಕೊಳ್ಳುತ್ತಿದ್ದಳು.

ಮದುವೆಯ ಮಾತು ಬಂದಿರಲಿಲ್ಲವೆಂದಲ್ಲ. ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದ ಹುಡುಗಿಯೊಬ್ಬಳು ಮೂರು ವರ್ಷ ಇವನಿಗಾಗಿ ಕಾದಳು. ಒಂದು ಭಾನುವಾರ ಮನೆಗೂ ಬಂದು, ಬೀರುವಿನ ಕಾರುಗಳನ್ನೆಲ್ಲ ನೋಡಿ, "ಇದರಲ್ಲಿ ಕೂತು ಹೋಗೋಕಾಗಲ್ಲವಲ್ಲ!" ಎಂದು ನಕ್ಕಿದ್ದಳು. ಅವಳು ಹೋದ ಮೇಲೆ ಡ್ರೈವರ್ ಅಕ್ಕನನ್ನು ಕೇಳಿದ. "ನಿನ್ನಿಷ್ಟ ಕಣೋ," ಎಂದು ಅಕ್ಕ ಮೆಷಿನ್ನಿನತ್ತ ತಿರುಗಿದಳು. ಅವಳು ಎದ್ದು ಅಡುಗೆಮನೆಗೆ ಹೋಗುವಾಗ ಕಾಲೆಳೆಯುವ ಸದ್ದು ಕೇಳಿಸಿತು. ಅಷ್ಟು ಸಾಕಾಯಿತು. ಮರುದಿನವೇ ಕ್ಲಿನಿಕ್ಕಿಗೆ ಹೋಗಿ ಆಗುವುದಿಲ್ಲ ಎಂದುಬಿಟ್ಟ. ಆ ಹುಡುಗಿ ಬೇರೆಯವರನ್ನು ಮದುವೆಯಾಗಿ ಹೋದಳು.

ಅಣ್ಣನದು ಬೇರೆಯೇ ದಾರಿ. ಅಪ್ಪನ ಒಂದು ಕಾರನ್ನು ಹಿಡಿದು ಮೇಲೆ ಬಂದ. ಈಗ ಅವನ ಹೆಸರಿನಲ್ಲಿ ಹದಿನಾಲ್ಕು ಗಾಡಿ ಓಡುತ್ತವೆ. ಬಾಯಿ ಜೋರು, ಎದೆ ಅಗಲ, ನಾಲ್ಕು ಜನ ಸೇರಿದ ಕಡೆ ಐದನೆಯ ಕುರ್ಚಿ ಅವನದೇ. ಮನೆಯಲ್ಲಿ ಏನೇ ಆಗಲಿ, ಊಟವಾದ ಮೇಲೆ ತಮ್ಮನ ಹೆಗಲ ಮೇಲೆ ಕೈ ಹಾಕಿ ಶುರುಮಾಡುವನು: "ಇವನ್ನ ಸಾಮಾನ್ಯ ಅಂದ್ಕೋಬೇಡಿ. ಆರನೇ ವರ್ಷಕ್ಕೇ ಗಾಡಿ ಬಿಟ್ಟೋನು ನಮ್ ಡ್ರೈವರ್!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವರು. ಡ್ರೈವರ್ ಕೂಡ ಹಲ್ಲು ಬಿಡುವನು. ಅಕ್ಕ ಎಲೆಯನ್ನೋ ತಟ್ಟೆಯನ್ನೋ ಎತ್ತುವ ನೆಪದಲ್ಲಿ ಎದ್ದು ಹೋಗುವಳು. ಪಾಪ, ಹಳೆಯ ನೋವು ನೆನಪಾಯಿತೇನೋ ಎಂದು ಇವನು ಇನ್ನಷ್ಟು ಕುಗ್ಗುವನು. ಅಲ್ಲ, ಇಂಥ ಮಾತನ್ನು ತಮಾಷೆ ಎಂದು ಕರೆಯುವವರಿಗೆ ಏನೆನ್ನಬೇಕು ಹೇಳಿ!

ಅಂಥ ಅಣ್ಣ ಒಂದು ಬೆಳಿಗ್ಗೆ ಮನೆಗೆ ಬಂದು, ಕೂರುವ ಮೊದಲೇ ವಿಷಯಕ್ಕೆ ಬಂದ.

"ಹೊಸ ಆಫೀಸು ಮುಂದಿನ ತಿಂಗಳು ಶುರು. ಒಳಗೆ ಬಂದ ತಕ್ಷಣ ಗಾಜಿನ ಪೆಟ್ಟಿಗೆಲಿ ಅಪ್ಪನ ಕಾರು ಇರ್ಬೇಕು. ಎಲ್ಲಿಂದ ಶುರುವಾಯ್ತು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ. ನಿನ್ನ ಬಿಟ್ರೆ ಯಾರ್ ಮಾಡ್ತಾರೋ?"

"ಆ ಕಾರು ಬೇಡಣ್ಣ."

"ಏ, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಾ? ನಾವೆಲ್ಲ ಯಾವತ್ತೋ ಮರೆತಿದ್ದೀವಿ. ಮಗು ಕಣೋ ನೀನು ಆಗ."

ಎಷ್ಟು ದೊಡ್ಡ ಮನಸ್ಸು! ಅಕ್ಕ ಹೊಲಿಗೆ ನಿಲ್ಲಿಸಿ ಅಣ್ಣನ ಮುಖವನ್ನೇ ಒಂದು ಕ್ಷಣ ನೋಡಿದಳು, ಆಮೇಲೆ ತಲೆ ತಗ್ಗಿಸಿ ದಾರ ಕಚ್ಚಿದಳು. ಅಣ್ಣ ಜೇಬಿನಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದು ಮೇಜಿನ ಮೇಲಿಟ್ಟ. ಕಾರಿಗೆ ಒರಗಿ ನಿಂತ ಅಪ್ಪ. ಅಪಘಾತವಾದ ಮೇಲೆ ಕಾರನ್ನು ರಿಪೇರಿ ಮಾಡಿಸಿ ತೆಗೆಸಿದ ಫೋಟೊ.

ಸುಳ್ಳು ಹೇಳಿ ಹೇಳಿ ಅಭ್ಯಾಸವಾದವನಿಗೆ ಅದು ಸುಳ್ಳು ಎನ್ನುವುದೇ ಮರೆತುಹೋಗುತ್ತದೆ. ಇಲ್ಲದಿದ್ದರೆ ಯಾವನಾದರೂ ತನ್ನ ಕೈಯಾರೆ ಆ ಫೋಟೊ ತಂದು, ವೈಪರಿಗೆ ಮೂರು ತಿಂಗಳು ಕಾಯುವ ಮನುಷ್ಯನ ಮುಂದೆ ಇಡುತ್ತಿದ್ದನೇ?

ಡ್ರೈವರ್ ಹಲ್ಲು ಕಚ್ಚಿ ಕೆಲಸಕ್ಕೆ ಕೂತ. ಆ ಕಾರಿನ ಕಿಟ್ಟು ಎಲ್ಲೂ ಸಿಗದು. ಹತ್ತಿರದ ಜಾತಿಯ ಒಂದು ಕಿಟ್ಟು ತಂದು, ಮೂತಿ ಕತ್ತರಿಸಿ, ಬೆನ್ನಿಗೆ ಮೇಣ ಮೆತ್ತಿ ಡುಬ್ಬು ಮಾಡಿದ. ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ ಒಂದು ವಿಷಯ ಕಂಡುಹಿಡಿದ: ಸ್ಟೀರಿಂಗ್ ಕಡೆಯ ಬಾಗಿಲಿನ ಬಣ್ಣ ಉಳಿದ ಕಾರಿಗಿಂತ ಒಂದು ಛಾಯೆ ಗಾಢವಾಗಿದೆ. ಹಲ್ಲಿನ ಬಿಳುಪಿನಲ್ಲೇ ಹದಿನಾರು ಬಗೆ ಗುರುತಿಸುವ ಕಣ್ಣು ಅದು, ತಪ್ಪುವುದುಂಟೇ? ಯಾಕಿರಬಹುದು ಎಂದು ಕೇಳಿಕೊಳ್ಳಲಿಲ್ಲ. ಫೋಟೊದಲ್ಲಿ ಇದ್ದ ಹಾಗೆ ಆ ಒಂದು ಬಾಗಿಲಿಗೆ ಗಾಢ ಬಣ್ಣ ಹೊಡೆದ.

ಒಳಗಿನ ಕೆಲಸಕ್ಕೆ ಬಂದಾಗ ಸೀಟು ಎರಡು ಮಾಡಿ, ನಡುವೆ ಹ್ಯಾಂಡ್‌ಬ್ರೇಕಿನ ಕಡ್ಡಿ ನೆಟ್ಟ. ಸೀಟಿಗಾಗಲಿ ಕಡ್ಡಿಗಾಗಲಿ ಫೋಟೊ ಹುಡುಕಲಿಲ್ಲ, ಯಾರನ್ನೂ ಕೇಳಲಿಲ್ಲ. ಅವನ ಜೀವನದಲ್ಲಿ ಅಳೆಯದೆ ನೋಡದೆ ಅಂಟಿಸಿದ ಒಂದೇ ಒಂದು ಜಾಗ ಅದು. ಯಾಕೆಂದರೆ ಅದು ಅವನಿಗೆ ನೆನಪಿತ್ತು. ಸೀಟುಗಳ ನಡುವಿನ ಆ ತಣ್ಣನೆಯ ಕಡ್ಡಿ, ಅದರ ತುದಿಯ ಗುಂಡಿ, ಅದನ್ನು ಹಿಡಿದ ತನ್ನ ಪುಟ್ಟ ಕೈ ಎಲ್ಲ ನಿಚ್ಚಳವಾಗಿ ನೆನಪಿತ್ತು. ನಲವತ್ನಾಲ್ಕು ವರ್ಷ ಕನಸಿನಲ್ಲಿ ಎಳೆದಿದ್ದಾನೆ ಅದನ್ನು.

ಇನ್ನು ಉಳಿದದ್ದು ಸೀಟಿನ ಹೊಲಿಗೆಯ ಗೆರೆ ಮಾತ್ರ. ಅದು ಉದ್ದಕ್ಕೋ ಅಡ್ಡಕ್ಕೋ ತಿಳಿಯಲಿಲ್ಲ. ಊರಾಚೆಯ ಗ್ಯಾರೇಜಿನಲ್ಲಿ ಅದೇ ಜಾತಿಯ ಒಂದು ಕಾರು ಬಿದ್ದಿದೆ ಎಂದು ಯಾರೋ ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಕಾರನ್ನು ಹಲ್ಲಿನ ಡಬ್ಬದಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡು, ಫೋಟೊ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಗ್ಯಾರೇಜಿನ ಮೇಸ್ತ್ರಿಗೆ ಎಂಬತ್ತರ ಹತ್ತಿರ ವಯಸ್ಸು. ಕೈಗೆ ಗ್ರೀಸು, ಬಾಯಿಗೆ ಸೆಟ್ಟು. ಕೆಳಗಿನದು ಸಡಿಲವಾಗಿದೆ ಎಂದು ಡ್ರೈವರ್ ಮೊದಲ ಮಾತಿಗೇ ಕಂಡುಕೊಂಡ. ಮೇಸ್ತ್ರಿ ಡಬ್ಬದೊಳಗಿನ ಕಾರು ನೋಡಿ ಮೂಗಿನ ಮೇಲೆ ಬೆರಳಿಟ್ಟರು.

"ಅಬ್ಬಬ್ಬಾ! ಎಂಥಾ ಕೈಯಪ್ಪಾ ನಿಂದು! ಜೀವ ತಂದಿದ್ದೀಯಲ್ಲೋ!" ಎಂದು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ನಡುವೆ ಏನಪ್ಪಾ ಇದು, ಕಡ್ಡಿ?"

"ಹ್ಯಾಂಡ್‌ಬ್ರೇಕ್ ಮೇಸ್ತ್ರಿ."

ಮೇಸ್ತ್ರಿ ನಕ್ಕ ರಭಸಕ್ಕೆ ಕೆಳಗಿನ ಸೆಟ್ಟು ಕೈಗೆ ಬಂತು. ಅದನ್ನು ಮತ್ತೆ ಒತ್ತಿಕೊಂಡು, "ಈ ಗಾಡಿಗೆ ನಡುವೆ ಎಲ್ಲಯ್ಯಾ ಹ್ಯಾಂಡ್‌ಬ್ರೇಕು? ಮುಂದೆ ಎರಡು ಸೀಟೇ ಇಲ್ಲ, ಉದ್ದಕ್ಕೂ ಒಂದೇ ಸೀಟು. ಬಾ ತೋರಿಸ್ತೀನಿ," ಎಂದು ಶೆಡ್ಡಿನ ಹಿಂದಕ್ಕೆ ಕರೆದೊಯ್ದರು.

ತುಕ್ಕು ಹಿಡಿದ ಕಾರು, ಟೈರಿಲ್ಲ, ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಮುಂದೆ ಬೆಂಚಿನಂಥ ಒಂದೇ ಸೀಟು, ಈ ಬಾಗಿಲಿನಿಂದ ಆ ಬಾಗಿಲಿನ ತನಕ. ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿಲ್ಲ. ಮೇಸ್ತ್ರಿ ಸ್ಟೀರಿಂಗ್ ಕಡೆಯ ಬಾಗಿಲು ತೆಗೆದು, ಸೀಟಿಗೂ ಬಾಗಿಲಿಗೂ ನಡುವಿನ ಸಂದಿಗೆ ಕೈ ಇಳಿಸಿದರು. ಅಲ್ಲಿ, ತಳದ ಹತ್ತಿರ, ಹ್ಯಾಂಡ್‌ಬ್ರೇಕ್ ಇತ್ತು.

ಡ್ರೈವರ್ ಆ ಕಡೆಯಿಂದ ಸುತ್ತಿ ಬಂದು ಪಕ್ಕದ ಸೀಟಿನ ಜಾಗದಲ್ಲಿ ಕೂತ. ಅಲ್ಲಿಂದ ಕೈ ಚಾಚಿದ. ಎಟುಕಲಿಲ್ಲ. ಅಡ್ಡ ಬಾಗಿ ಚಾಚಿದ. ಐವತ್ತು ವರ್ಷದ ಗಂಡಸಿನ ಕೈ, ಇನ್ನೂ ಒಂದು ಗೇಣು ದೂರ.

"ಅಲ್ಲಿಂದ ಎಟುಕೋಕೆ ನೀನೇನು ಕೋತಿನಾ?" ಎಂದರು ಮೇಸ್ತ್ರಿ.

"ಮೇಸ್ತ್ರಿ, ಆರು ವರ್ಷದ ಮಗು... ಆ ಕಡೆ ತೆವಳಿಕೊಂಡು ಹೋಗಿ ಬಿಡಿಸಬಹುದಾ?"

"ಬಿಡಿಸು ನೋಡೋಣ, ನೀನೇ ಬಿಡಿಸು."

ಡ್ರೈವರ್ ಸ್ಟೀರಿಂಗಿನ ಕಡೆಗೆ ಸರಿದು ಬಿಡಿಸಲು ನೋಡಿದ. ಮೊದಲು ಮೇಲಕ್ಕೆ ಎಳೆಯಬೇಕು, ಎಳೆದು ಹಿಡಿದೇ ಹೆಬ್ಬೆರಳಲ್ಲಿ ಗುಂಡಿ ಒತ್ತಬೇಕು, ಆಮೇಲೆ ಇಳಿಸಬೇಕು. ಅವನಿಗೇ ಎರಡು ಕೈ ಬೇಕಾಯಿತು.

"ತುಕ್ಕಿನಿಂದ ಬಿಗಿಯಾಗಿದೆಯೇನೋ," ಎಂದ. ಆ ಮಾತನ್ನೂ ತನ್ನ ಮೇಲಿನ ತಪ್ಪನ್ನು ಬಿಟ್ಟುಕೊಡಲು ಇಷ್ಟವಿಲ್ಲದವನಂತೆ ಹೇಳಿದ.

"ಹೊಸದ್ರಲ್ಲೂ ಹಿಂಗೇ. ನನ್ನ ಹೆಂಡತಿ ಕೈಲಿ ಒಂದಿನಾನೂ ಆಗ್ಲಿಲ್ಲ. ಆರು ವರ್ಷದ ಕೂಸು ಬಿಡಿಸ್ತು ಅಂತ ಯಾರಾದ್ರೂ ನಿಂಗೆ ಹೇಳಿದ್ರೆ, ಅವರು ನಿನ್ನ ಕಿವಿ ಮೇಲೆ ಹೂವಿಟ್ಟಿದ್ದಾರೆ."

ಡ್ರೈವರ್ ಜೇಬಿನಿಂದ ಫೋಟೊ ತೆಗೆದು ಕೊಟ್ಟ, ಆ ಗಾಢ ಬಣ್ಣದ ಬಾಗಿಲ ಮೇಲೆ ಉಗುರಿಟ್ಟು ತೋರಿಸಿದ.

"ಬೇರೆ ಗಾಡಿಯಿಂದ ತಂದು ಹಾಕಿದ ಬಾಗಿಲು," ಎಂದರು ಮೇಸ್ತ್ರಿ, ಕನ್ನಡಕ ಏರಿಸಿಕೊಂಡು. "ಬರೀ ತಗ್ಗು ಬಿದ್ದಿದ್ರೆ ಬಡಿದು ಸರಿ ಮಾಡ್ತಿದ್ವಿ, ಬದಲಾಯಿಸ್ತಿರ್ಲಿಲ್ಲ. ಇದು ಕೀಲು ಸಮೇತ ಕಿತ್ಕೊಂಡು ಹೋಗಿರ್ಬೇಕು. ಬಾಗಿಲು ತೆರೆದೇ ಗಾಡಿ ಓಡ್ತಿರುವಾಗ ಕಂಬಕ್ಕೋ ಗೋಡೆಗೋ ಬಡಿದ್ರೆ ಹಂಗಾಗುತ್ತೆ. ಯಾರಾದ್ರೂ ಹಾರಿದ್ರಾ?"

ಡ್ರೈವರ್ ಫೋಟೊ ವಾಪಸು ಇಸಿದುಕೊಂಡು ಜೇಬಿಗೆ ಹಾಕಿದ. ಇಲ್ಲಿಂದ ಮುಂದೆ ನಾನು ಅವನನ್ನು ಡ್ರೈವರ್ ಎನ್ನುವುದಿಲ್ಲ. ನನಗೆ ನಾಲಿಗೆ ಏಳುವುದಿಲ್ಲ. ತಮ್ಮ ಎನ್ನುತ್ತೇನೆ, ಆ ಮನೆಯಲ್ಲಿ ಅವನು ಆಗಿದ್ದದ್ದು ಅಷ್ಟೇ ತಾನೇ.

ತಮ್ಮ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ. ಅಪ್ಪ ಒಳಗೆ ಊಟ ಮಾಡುತ್ತಿದ್ದರು, ಅಮ್ಮ ಬಡಿಸುತ್ತಿದ್ದಳು, ಅಕ್ಕ ಬೀದಿಯ ಕೆಳಗಿದ್ದಳು. ಸಂದಿಗೆ ಕೈ ಇಳಿಸಿ ಹ್ಯಾಂಡ್‌ಬ್ರೇಕ್ ಬಿಡಿಸುವಷ್ಟು ದೊಡ್ಡವನು ಮನೆಯಲ್ಲಿ ಇನ್ನೊಬ್ಬನೇ ಇದ್ದ. ಹೆಗಲ ಮೇಲೆ ಕೈ ಹಾಕಿ ಕಥೆ ಹೇಳುವವನು. ಹಾಗಾದರೆ ತನ್ನ ಅಂಗೈಯಲ್ಲಿ ಇಷ್ಟು ವರ್ಷ ತಣ್ಣಗೆ ಕೂತಿದ್ದ ಆ ಕಡ್ಡಿ? ಇರದ ಕಡ್ಡಿಯನ್ನು ಇದೇ ಕಡ್ಡಿ, ಇದನ್ನೇ ನೀನು ಎಳೆದದ್ದು ಎಂದು ಹೇಳಿ ಹೇಳಿ ಮಗುವಿನ ತಲೆಯೊಳಗೆ ನೆಟ್ಟಿದ್ದರು. ತನ್ನ ನೆನಪು ಕೂಡ ತನ್ನದಲ್ಲ ಎಂದು ತಿಳಿದಾಗ ಅವನಿಗೆ ಮೈಯೆಲ್ಲ ಉರಿಯಿತು.

ಆ ಉರಿಯ ನಡುವೆಯೂ ಒಂದು ಸಮಾಧಾನವಿತ್ತು. ಅಕ್ಕನಿಗೆ ಹೇಳಬೇಕು. ಪಾಪ, ಅವಳೂ ನನ್ನ ಹಾಗೇ ಮೋಸಹೋದವಳು. ನಿನ್ನ ಕಾಲು ಮುರಿದವನು ನಾನಲ್ಲ ಅಕ್ಕ ಎನ್ನಬೇಕು. ಇಬ್ಬರೂ ಕೂತು ಅಳಬೇಕು, ಅಣ್ಣನನ್ನು ಬಾಯಿಗೆ ಬಂದಂತೆ ಬೈಯಬೇಕು. ಬಸ್ಸಿಳಿದವನು ಮನೆಗೆ ಹೆಚ್ಚುಕಡಿಮೆ ಓಡಿದ.

ಅಕ್ಕ ಕಿಟಕಿಯ ಬೆಳಕಿನಲ್ಲಿ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಮ್ಮ ಅವಳ ಮುಂದೆ ಡಬ್ಬ ಬಿಚ್ಚಿದ, ಕಾರು ತೆಗೆದು ಮೇಜಿನ ಮೇಲಿಟ್ಟ, ಆ ಗಾಢ ಬಣ್ಣದ ಬಾಗಿಲನ್ನು ಬೆರಳ ತುದಿಯಿಂದ ಪೂರ್ತಿ ತೆರೆದ.

"ಅಕ್ಕಾ, ನಮ್ಮಿಬ್ರಿಗೂ ಮೋಸ ಆಗಿದೆ," ಎಂದ.

ಅಕ್ಕ ತೆರೆದ ಬಾಗಿಲನ್ನು ನೋಡಿದಳು. ಸೂಜಿ ಹಿಡಿದ ಕೈ ಹಾಗೇ ನಿಂತಿತು.

"ಯಾರು ಹೇಳಿದ್ರು ನಿಂಗೆ?" ಎಂದಳು.

ಏನು ಮೋಸ ಎಂದು ಕೇಳಲಿಲ್ಲ. ಏನಾಯಿತೋ ಎನ್ನಲಿಲ್ಲ. ಯಾರು ಹೇಳಿದರು ಎಂದಳು. ವಿಷಯ ಏನೆಂದು ತಮ್ಮ ಇನ್ನೂ ಹೇಳಿರಲೇ ಇಲ್ಲ.

ಅವನು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತ. "ಯಾರೂ ಹೇಳ್ಲಿಲ್ಲ. ಈ ಕಾರು ಮಾಡ್ತಾ ಗೊತ್ತಾಯ್ತು," ಎಂದ. ತೆರೆದ ಬಾಗಿಲ ಮೇಲೆ ಬೆರಳಿಟ್ಟು ಕೇಳಿದ, "ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ." ಅಕ್ಕ ಅಂಗಿಯನ್ನು ಮಡಿಲಲ್ಲಿ ಮುದ್ದೆ ಮಾಡಿ ಹಿಡಿದಳು. "ಸ್ವಲ್ಪ ಉರುಳಿಸಿ ನಿಲ್ಲಿಸೋಣ ಅಂತ ಕೂತಿದ್ದ ಅಣ್ಣ. ಗಾಡಿ ಜೋರಾಯ್ತು. ಕಂಬದ ಹತ್ರ ಬಾಗಿಲು ತೆಗೆದು ಹಾರಿಬಿಟ್ಟ. ನೀನು ಒಳಗೆ ಮಲಗೇ ಇದ್ದೆ."

"ನನ್ನ ಬಿಟ್ಟು ಹಾರಿದ."

"ಹೂಂ."

"ಅಪ್ಪಂಗೂ ಗೊತ್ತಿತ್ತು."

"ಆಸ್ಪತ್ರೇಲಿ ನಂಗೆ ಎಚ್ಚರ ಆದಾಗ ಅಪ್ಪನೇ ಪಕ್ಕದಲ್ಲಿದ್ರು. ದೊಡ್ಡವನ ಹೆಸರು ಬಂದ್ರೆ ಪೊಲೀಸು, ಕೋರ್ಟು, ಅವನ ಜೀವನ ಹಾಳಾಗುತ್ತೆ, ಸಣ್ಣದು ಮಾಡ್ತು ಅಂದ್ರೆ ಯಾರೂ ಏನೂ ಅನ್ನಲ್ಲ, ನೀನು ಬಾಯಿ ಬಿಡ್ಬೇಡ ಅಂದ್ರು. ನಂಗೆ ಹನ್ನೆರಡು ವರ್ಷ ಕಣೋ. ಕಾಲು ಬೇರೆ ಹಂಗೆ ನೋಯ್ತಿತ್ತು."

"ಸರಿ ಅಕ್ಕ. ಹನ್ನೆರಡು. ಆಮೇಲೆ?"

"ನೀನು ದೊಡ್ಡವನಾದ್ಮೇಲೆ ಹೇಳೋಣ ಅಂದ್ಕೊಂಡಿದ್ದೆ."

"ನಂಗೀಗ ಐವತ್ತು."

ಅಕ್ಕ ಅಳತೊಡಗಿದಳು. ಎಂದು ಅವಳ ಕಣ್ಣಲ್ಲಿ ನೀರು ಬಂದರೂ ಓಡಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದವನು ಇವತ್ತು ಅಲುಗಾಡಲಿಲ್ಲ.

"ಆ ಹುಡುಗಿ ಮನೆಗೆ ಬಂದಿದ್ಲಲ್ಲ, ಆವತ್ತು ಹೇಳ್ಲೇಬೇಕು ಅಂತ ಬಾಯಿ ತನಕ ಬಂತು," ಎಂದಳು ಅಕ್ಕ.

"ಬಂದು?"

"ನುಂಗಿಕೊಂಡೆ. ಹೇಳಿದ್ರೆ ನೀನು ಹೊರಟುಬಿಡ್ತಿದ್ದೆ. ಅಪ್ಪ ಅಮ್ಮ ಇಲ್ಲ, ಅಣ್ಣ ತಿರುಗಿ ನೋಡಲ್ಲ. ಈ ಕಾಲಿಟ್ಕೊಂಡು ನಾನೊಬ್ಳೇ ಏನ್ಮಾಡ್ಲಿ? ಭಯ ಆಯ್ತು ಕಣೋ."

"ನೀನು ಕೇಳಿದ್ರೆ ನಾನು ಇರ್ತಿದ್ದೆ ಅಕ್ಕ," ಎಂದ ತಮ್ಮ. "ತಪ್ಪು ಮಾಡಿದೋನು ಅಂತ ಅಲ್ಲ, ತಮ್ಮ ಅಂತ ಇರ್ತಿದ್ದೆ. ಅವಳನ್ನೂ ಕರ್ಕೊಂಡು ಇಲ್ಲೇ ಇರ್ತಿದ್ದೆ. ಒಂದ್ಸಲ ಕೇಳ್ಲಿಲ್ವಲ್ಲ ನೀನು. ಅಣ್ಣ ಹಾರಿ ಓಡಿದ ಅಷ್ಟೇ. ದಿನಾ ನನ್ನ ಜೊತೆ ಊಟ ಮಾಡಿ, ದಿನಾ ನನ್ನ ಕೈ ಹಿಡ್ಕೊಂಡು, ನನ್ನ ಕತ್ತು ಕೊಯ್ದೋಳು ನೀನು."

ಅದಾದ ಮೇಲೆ ಆ ಮನೆಯಲ್ಲಿ ಊಟಕ್ಕೆ ಬಾ, ನೀರು ಬಂತು, ಬಾಗಿಲು ಹಾಕು ಎನ್ನುವುದನ್ನು ಬಿಟ್ಟರೆ ಮಾತಿಲ್ಲ. ತಮ್ಮ ಕಾರನ್ನು ಮತ್ತೆ ಬಿಚ್ಚಿದ. ನಡುವಿನ ಕಡ್ಡಿಯನ್ನು ಚಿಮಟದಿಂದ ಹಿಡಿದು ಕಿತ್ತು ಕಸದ ಡಬ್ಬಕ್ಕೆ ಹಾಕಿದ. ಎರಡು ಸೀಟು ತೆಗೆದು ಒಂದೇ ಉದ್ದ ಸೀಟು ಮಾಡಿದ. ಬಾಗಿಲ ಕಡೆಯ ಸಂದಿಯಲ್ಲಿ ಹ್ಯಾಂಡ್‌ಬ್ರೇಕ್ ಕೂರಿಸಿದ. ಬಿಟ್ಟ ಹ್ಯಾಂಡ್‌ಬ್ರೇಕ್, ಕೆಳಕ್ಕೆ ಇಳಿದದ್ದು. ಆಮೇಲೆ ಯಾವ ಕಾರಿಗೂ ಮಾಡದ ಕೆಲಸವೊಂದನ್ನು ಮಾಡಿದ: ಮೇಣದಲ್ಲಿ ಒಂದು ಮಗು ಕೆತ್ತಿದ. ಕಾಲು ಮಡಚಿ, ಕೈ ಕೆನ್ನೆಯ ಕೆಳಗಿಟ್ಟು ಮಲಗಿದ, ಹೆಬ್ಬೆರಳಿನಷ್ಟು ಮಗು. ಎರಕ ಹೊಯ್ದು ಪಕ್ಕದ ಸೀಟಿನಲ್ಲಿ ಮಲಗಿಸಿದ. ಕೊನೆಗೆ ಸ್ಟೀರಿಂಗ್ ಕಡೆಯ ಬಾಗಿಲನ್ನು ಪೂರ್ತಿ ತೆರೆದು, ಕೀಲಿಗೆ ಒಂದು ತೊಟ್ಟು ಅಂಟು ಬಿಟ್ಟು, ಒಣಗುವ ತನಕ ಹಿಡಿದುಕೊಂಡು ಕೂತ.

ಅಕ್ಕ ಮೆಷಿನ್ನಿನ ಮುಂದಿನಿಂದ ಎಲ್ಲವನ್ನೂ ನೋಡಿದಳು. ಬೇಡ ಎನ್ನಲಿಲ್ಲ.

ಆಫೀಸು ಶುರುವಾದ ದಿನ ಬೆಳಿಗ್ಗೆ ಮುಂದಿನ ಕೋಣೆ ತುಂಬ ಜನ. ಹೊಸ ಬಣ್ಣದ ವಾಸನೆ, ಹೊಸ ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಬಾಗಿಲಿನೆದುರಿಗೇ ಬಟ್ಟೆ ಮುಚ್ಚಿದ ಗಾಜಿನ ಪೆಟ್ಟಿಗೆ. ಕಾರನ್ನು ತಮ್ಮ ಎಲ್ಲರಿಗಿಂತ ಮುಂಚೆಯೇ ತಂದು ಇಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಬಟ್ಟೆ ಮುಚ್ಚಿದ್ದ. ಅಣ್ಣ ಅಪ್ಪನ ಕಷ್ಟ, ಅಪ್ಪನ ಪ್ರಾಮಾಣಿಕತೆ ಎಂದು ಹತ್ತು ನಿಮಿಷ ಮಾತಾಡಿದ. ತಮ್ಮನ ಹೆಗಲ ಮೇಲೆ ಕೈ ಬಿತ್ತು.

"ಇದನ್ನ ಮಾಡಿದೋನು ನನ್ನ ತಮ್ಮ. ಇವನ್ನ ಸಾಮಾನ್ಯ ಅಂದ್ಕೋಬೇಡಿ. ಆರನೇ ವರ್ಷಕ್ಕೇ ಗಾಡಿ ಬಿಟ್ಟೋನು ನಮ್ ಡ್ರೈವರ್!" ಎಂದು ಬಟ್ಟೆ ಎಳೆದ.

ಜನ ಬಗ್ಗಿ ನೋಡಿ ಆಹಾ ಎಂದರು. ಅಣ್ಣನೂ ನಗುತ್ತಲೇ ಬಗ್ಗಿದ. ತೆರೆದ ಬಾಗಿಲು ಕಂಡಿತು. ಮಲಗಿದ ಮಗು ಕಂಡಿತು. ತಮ್ಮನ ಹೆಗಲ ಮೇಲಿದ್ದ ಕೈ ಮೆತ್ತಗೆ ಜಾರಿತು.

"ಬಾಗಿಲು ಯಾಕ್ರೀ ತೆರೆದಿದೆ?" ಎಂದು ಕೇಳಿದರು ಬ್ಯಾಂಕಿನ ಮ್ಯಾನೇಜರು.

"ಮುಚ್ಚೋದು ಮರ್ತಿರ್ಬೇಕು," ಎಂದ ಅಣ್ಣ.

"ಮರ್ತಿಲ್ಲ ಸರ್. ಅದು ಮುಚ್ಚಲ್ಲ," ಎಂದ ತಮ್ಮ.

"ಒಳಗೆ ಮಲಗಿರೋ ಪುಟಾಣಿ ಯಾರು?"

"ನಾನು."

"ಓಹೋ! ಮತ್ತೆ ಡ್ರೈವರ್ ಎಲ್ಲಿ?"

ತಮ್ಮ ಅಣ್ಣನ ಮುಖ ನೋಡಿದ. "ಹಾರಿ ಓಡಿಹೋದ ಸರ್," ಎಂದ.

ಮ್ಯಾನೇಜರು ಹೋ ಎಂದು ನಕ್ಕರು. ಪಕ್ಕದವರು ನಕ್ಕರು. ಇಡೀ ಕೋಣೆ ನಕ್ಕಿತು. ನಗದವರು ಮೂವರೇ: ತಮ್ಮ, ಅಣ್ಣ, ಬಾಗಿಲ ಬಳಿ ನಿಂತಿದ್ದ ಅಕ್ಕ. ತಮ್ಮನ ಎದೆಯಲ್ಲಿ ಏನೂ ಇಳಿಯಲಿಲ್ಲ, ಹಗುರವಾಗಲಿಲ್ಲ. ನಿಜ ಹೇಳಿದರೂ ಇವರಿಗೆ ಅದೂ ಒಂದು ತಮಾಷೆಯಾಯಿತು.

ಜನ ಕರಗಿದ ಮೇಲೆ ಅಣ್ಣ ಅವನನ್ನು ಮೂಲೆಗೆ ಎಳೆದ. "ಏನೋ ಇದು? ಇಷ್ಟು ವರ್ಷ ಆದ್ಮೇಲೆ ಈಗ್ಯಾಕೋ? ನಾನೂ ಆಗ ಚಿಕ್ಕೋನೇ ಅಲ್ವಾ? ಹೆದರಿಕೊಂಡೆ, ಹಾರಿದೆ."

"ಹಾರಿದ್ದಕ್ಕೆ ಏನೂ ಅನ್ನಲ್ಲ ಅಣ್ಣ," ಎಂದ ತಮ್ಮ. "ಹದಿನಾರು ವರ್ಷ, ಭಯ ಆಗುತ್ತೆ. ಆದ್ರೆ ಆಮೇಲೆ ಒಂದೊಂದು ಊಟದಲ್ಲೂ ನನ್ನ ಹೆಗಲ ಮೇಲೆ ಕೈ ಹಾಕಿ ನಗ್ತಿದ್ದೆಯಲ್ಲ. ಆಗ ನಿಂಗೆಷ್ಟು ವಯಸ್ಸು?"

ಅಣ್ಣ ಪೆಟ್ಟಿಗೆಯ ಕಡೆ ಹೋಗಿ ಬಟ್ಟೆಯನ್ನು ಮತ್ತೆ ಹೊದಿಸಿದ.

ತಮ್ಮ ಹೊರಗೆ ಬಂದ. ಆಫೀಸಿನ ಮುಂದೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇನ್ನೂ ಹಾಕಿರಲಿಲ್ಲ. ಅಕ್ಕ ಮೇಲಿನ ಮೆಟ್ಟಿಲಲ್ಲಿ ಕಾಯುತ್ತ ನಿಂತಿದ್ದಳು, ಎಡಗಾಲಿಗೆ ಅವನೇ ಮಾಡಿದ ಎತ್ತರದ ಅಟ್ಟೆ. ಅವನನ್ನು ನೋಡಿ ಅಭ್ಯಾಸದಂತೆ ಎಡಗೈಯನ್ನು ಸ್ವಲ್ಪ ಎತ್ತಿದಳು. ತಮ್ಮ ಅವಳ ಪಕ್ಕದಿಂದಲೇ ಹಾದು, ಐದೂ ಮೆಟ್ಟಿಲು ಒಬ್ಬನೇ ಇಳಿದ. ಕೆಳಗೆ ನಿಂತು ತಿರುಗಿದ.

"ಅಣ್ಣಾ," ಎಂದು ಕೂಗಿದ. "ಅಕ್ಕನ್ನ ಇಳಿಸು ಬಾ."

ಅಣ್ಣ ಹೊರಗೆ ಬಂದ. ಆಮೇಲೆ ಹೋಗಿ ತಂಗಿಯ ಬಲಕ್ಕೆ ನಿಂತು ಕೈ ಚಾಚಿದ. ನೆಟ್ಟಗಿರುವ ಕಾಲಿನ ಕಡೆಗೆ. ನಲವತ್ನಾಲ್ಕು ವರ್ಷದಲ್ಲಿ ಯಾವ ಕಾಲು ಎಂದು ಅವನು ನೋಡಿಯೇ ಇರಲಿಲ್ಲ.

"ಆ ಕಡೆ ಅಲ್ಲಣ್ಣ," ಎಂದಳು ಅಕ್ಕ, ತಮ್ಮನನ್ನೇ ನೋಡುತ್ತ. "ಈ ಕಡೆ."

ಕೆಳಗೆ ನಿಂತಿದ್ದವನ ಬಲಗೈ ತಾನಾಗಿ ಮೇಲೇಳಲು ನೋಡಿತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಅಕ್ಕ ಕೊನೆಯ ಮೆಟ್ಟಿಲು ಇಳಿಯುವ ತನಕ ಅಲ್ಲೇ ಇಟ್ಟುಕೊಂಡ.